ಇಂಟರಾಕ್ಷನ್ ಡಿಸೈನರ್ ಸಂದರ್ಶನ: ಊರಲ್ಲೇ ಆಗುವ ತಯಾರಿ

ಬಾಗಲಕೋಟೆ, ಇಳಕಲ್ಲು, ಹುನಗುಂದದ ಕಡೆಯಿಂದ ಬೆಂಗಳೂರಿನ ಡಿಸೈನ್ ಕೆಲಸಗಳಿಗೆ ಅರ್ಜಿ ಹಾಕುವವರಿಗೆ ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ: ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ನಿಮ್ಮ ಊರು ಕಾಣಲಿ. ಹೊಸಬರು ಕಳಿಸುವ ಪೋರ್ಟ್‌ಫೋಲಿಯೊಗಳಲ್ಲಿ ಊಟ ತರಿಸುವ ಆ್ಯಪಿಗೆ ಹೊಸ ಬಣ್ಣ, ಹಾಡು ಕೇಳುವ ಆ್ಯಪಿಗೆ ಹೊಸ ಹೋಮ್ ಸ್ಕ್ರೀನ್, ಇವೇ ತಿರುಗಿ ತಿರುಗಿ ಬರುತ್ತವೆ. ಯೂಟ್ಯೂಬ್ ಪಾಠ ನೋಡಿ ಮಾಡಿದ ಈ ಕೆಲಸಗಳಲ್ಲಿ ಕೈಚಳಕ ಇರುತ್ತದೆ. ಆದರೆ ಇದನ್ನು ಬಳಸುವವರು ಯಾರು, ಅವರನ್ನು ನೀವು ಎಲ್ಲಿ ನೋಡಿದಿರಿ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಸಂದರ್ಶನ ಮುಗ್ಗರಿಸುವುದು ಅಲ್ಲೇ. ಇಳಕಲ್ಲಿನ ಸೀರೆ ಅಂಗಡಿ, ಹುನಗುಂದಕ್ಕೆ ಹೋಗುವ ಬಸ್ಸು, ಬಾದಾಮಿಯ ಬಸ್ ನಿಲ್ದಾಣ ನಿಮ್ಮ ಕಣ್ಣೆದುರಿಗೇ ಇವೆ. ಅಲ್ಲಿ ನೋಡಿ ಕಲಿತದ್ದನ್ನು ಬೇರೆ ಅಭ್ಯರ್ಥಿಗಳು ತರಲಾರರು.

ಈ ಕೆಲಸ ಏನೆಂಬುದು ಮೊದಲು ಮನಸ್ಸಿಗೆ ಸ್ಪಷ್ಟವಾಗಬೇಕು. ಜನ ಒಂದು ಯಂತ್ರದ ಜೊತೆ ವ್ಯವಹರಿಸುವಾಗ ಮೊದಲು ಏನು ಕಾಣಬೇಕು, ಏನನ್ನು ಒತ್ತಬೇಕು, ಒತ್ತಿದ ಮೇಲೆ ಏನಾಗಬೇಕು, ತಪ್ಪು ಒತ್ತಿದರೆ ಹಿಂದಕ್ಕೆ ಬರುವುದು ಹೇಗೆ ಎಂಬುದನ್ನೆಲ್ಲ ಯೋಚಿಸಿ ನಿರ್ಧರಿಸುವ ಕೆಲಸ ಇದು. ಬಿಲ್ ಮಾಗ್ರಿಜ್ ಎಂಬ ಬ್ರಿಟಿಷ್ ಡಿಸೈನರ್ 1982ರಲ್ಲಿ ಮಾರುಕಟ್ಟೆಗೆ ಬಂದ ಗ್ರಿಡ್ ಕಂಪಾಸ್ ಎಂಬ ಮಡಚುವ ಕಂಪ್ಯೂಟರಿನ ಹೊರಮೈ ರೂಪಿಸಿದವರು. ಅದನ್ನು ಸ್ವತಃ ಬಳಸತೊಡಗಿದಾಗ ತಾವು ಅಷ್ಟು ಶ್ರಮಪಟ್ಟ ಹೊರಮೈ ಮರೆತೇ ಹೋಗಿ, ತಮ್ಮ ಗಮನವೆಲ್ಲ ಪರದೆಯೊಳಗಿನ ವ್ಯವಹಾರದಲ್ಲಿ ಮುಳುಗಿದ್ದು ಅವರಿಗೆ ಗೊತ್ತಾಯಿತು. ಅದನ್ನೂ ಡಿಸೈನ್ ಮಾಡಬೇಕೆಂದು ಹೊರಟು, 1980ರ ದಶಕದ ನಡುವಿನಲ್ಲಿ ಬಿಲ್ ವರ್ಪ್ಲಾಂಕ್ ಜೊತೆ ಸೇರಿ ಇಂಟರಾಕ್ಷನ್ ಡಿಸೈನ್ ಎಂಬ ಹೆಸರನ್ನು ಚಾಲ್ತಿಗೆ ತಂದರು.

ಎಟಿಎಂ ಉದಾಹರಣೆ ಸಂದರ್ಶನದಲ್ಲಿ ಹಲವು ಸಲ ಉಪಯೋಗಕ್ಕೆ ಬರುತ್ತದೆ. ಹಳೆಯ ಎಟಿಎಂಗಳು ಮೊದಲು ದುಡ್ಡು ಕೊಟ್ಟು ಆಮೇಲೆ ಕಾರ್ಡು ಹೊರಹಾಕುತ್ತಿದ್ದವು. ಜನ ಬಂದದ್ದು ದುಡ್ಡಿಗೆ. ದುಡ್ಡು ಕೈಗೆ ಬಂದ ಕೂಡಲೇ ಮನಸ್ಸು ಕೆಲಸ ಮುಗಿಯಿತೆಂದು ತೀರ್ಮಾನಿಸಿ ಹೊರಟುಬಿಡುತ್ತಿತ್ತು, ಕಾರ್ಡು ಮಶಿನ್ನಿನಲ್ಲೇ ಉಳಿಯುತ್ತಿತ್ತು. ಮೊದಲು ಕಾರ್ಡು, ಆಮೇಲೆ ದುಡ್ಡು ಎಂದು ಕ್ರಮ ತಿರುಗಿಸಿದರೆ ಈ ಮರೆವಿಗೆ ಆಸ್ಪದವೇ ಇರುವುದಿಲ್ಲ. ಜನರ ಮರೆವನ್ನು ಬಯ್ಯದೆ ಕ್ರಮವನ್ನು ತಿದ್ದುವ ಈ ಬಗೆಯ ಯೋಚನೆ ನಿಮ್ಮಲ್ಲಿದೆಯೇ ಎಂಬುದನ್ನೇ ಸಂದರ್ಶಕರು ನೋಡುತ್ತಾರೆ.

ಸಂದರ್ಶನಕ್ಕೆ ಸಾಮಾನ್ಯವಾಗಿ ನಾಲ್ಕೈದು ಸುತ್ತು. ಮೊದಲು ಪೋರ್ಟ್‌ಫೋಲಿಯೊ ನೋಡಿ ಆರಿಸುತ್ತಾರೆ. ಇಲ್ಲಿ ನಿಮ್ಮ ಕೆಲಸಕ್ಕೆ ಸಿಗುವುದು ಕೆಲವೇ ನಿಮಿಷ. ಆಮೇಲೆ ಎಚ್‌ಆರ್ ಕಡೆಯಿಂದ ಒಂದು ಫೋನು. ಮೂರನೆಯದು ಮುಖ್ಯ ಸುತ್ತು: ನಿಮ್ಮದೇ ಒಂದೋ ಎರಡೋ ಕೆಲಸಗಳನ್ನು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ವಿವರಿಸಬೇಕು. ಮುಂದಿನದು ಬೋರ್ಡಿನ ಮೇಲೆ ಬಿಡಿಸುವ ಪರೀಕ್ಷೆ, ಇಲ್ಲವೇ ಮನೆಗೆ ಕೊಟ್ಟು ಕಳಿಸುವ ಅಸೈನ್‌ಮೆಂಟ್. ಕೊನೆಗೆ ಪ್ರಾಡಕ್ಟ್ ಮ್ಯಾನೇಜರ್, ಎಂಜಿನಿಯರುಗಳ ಜೊತೆ ಮಾತು, ನಂತರ ಸಂಬಳದ ಮಾತು. ಕಂಪನಿಯಿಂದ ಕಂಪನಿಗೆ ಕ್ರಮ ಹೆಚ್ಚುಕಡಿಮೆ ಆದೀತು. ಯಾವ ಯಾವ ಸುತ್ತು ಇದೆ, ಯಾರು ಯಾರು ಕೂರುತ್ತಾರೆ ಎಂದು ಎಚ್‌ಆರ್‌ನವರನ್ನು ಮೊದಲ ಫೋನಿನಲ್ಲೇ ಕೇಳಿ. ಕೇಳಿದರೆ ತಪ್ಪು ತಿಳಿಯುವವರಿಲ್ಲ.

ಸೀರೆ ಅಂಗಡಿಯ ಮೂಲೆಯಲ್ಲಿ

ಪೋರ್ಟ್‌ಫೋಲಿಯೊದಲ್ಲಿ ಎಂಟು ಹತ್ತು ಕೆಲಸ ತುಂಬುವುದಕ್ಕಿಂತ ಆಳವಾಗಿ ಮಾಡಿದ ಎರಡು ಸಾಕು. ಒಂದನ್ನು ಇಲ್ಲೇ ಮಾಡಿ ನೋಡೋಣ. ವಿಷಯ: ಇಳಕಲ್ ಸೀರೆಯನ್ನು ಫೋನಿನಲ್ಲಿ ಕೊಳ್ಳುವುದು. ಅಂಗಡಿಯವರು ವಾಟ್ಸ್ಆ್ಯಪಿನಲ್ಲಿ ಫೋಟೊ ಕಳಿಸುತ್ತಾರೆ, ಗಿರಾಕಿಗಳು ಯುಪಿಐನಲ್ಲಿ ದುಡ್ಡು ಹಾಕುತ್ತಾರೆ, ಪಾರ್ಸೆಲ್ ಹೋಗುತ್ತದೆ. ಇದಕ್ಕೊಂದು ಒಳ್ಳೆಯ ಆ್ಯಪ್ ಮಾಡಬೇಕೆಂದುಕೊಳ್ಳಿ.

ಪರದೆ ಬಿಡಿಸುವ ಫಿಗ್ಮಾ ತಂತ್ರಾಂಶ ತೆರೆಯುವ ಮೊದಲು ಅಂಗಡಿಗೆ ಹೋಗಿ. ಯಜಮಾನರ ಒಪ್ಪಿಗೆ ಕೇಳಿ, ಅವರ ವ್ಯಾಪಾರಕ್ಕೆ ಅಡ್ಡಬರದಂತೆ ಮೂಲೆಯಲ್ಲಿ ಕೂತು ನೋಡಿ. ಗಾದಿಯ ಮೇಲೆ ಸೀರೆ ಬಿಚ್ಚುವಾಗ ಮೊದಲು ಹರಡುವುದು ಸೆರಗನ್ನೇ ತಾನೇ? ಕೆಂಪು ರೇಷ್ಮೆಯಲ್ಲಿ ಬಿಳಿಯ ಎಳೆಗಳು ತೆನೆಯಂತೆ ಮೂಡುವ ಟೋಪ್ ತೆನಿ ಸೆರಗೇ ಇಳಕಲ್ ಸೀರೆಯ ಗುರುತು. ಇಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮಗ್ಗದ ಮೇಲೆ ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಹೀಗಾಗಿ ಹಾಸನ್ನು ಒಂದೊಂದು ಸೀರೆಯ ಅಳತೆಗೇ ಸಿದ್ಧಮಾಡಿಕೊಳ್ಳಬೇಕಾಗುತ್ತದೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನೇಯ್ಗೆ ಇದು. ಇನ್ನು ಗಿರಾಕಿಯ ಕೈ ಏನು ಮಾಡುತ್ತದೆ ನೋಡಿ. ದಡಿಯನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕುತ್ತದೆ. ಸೀರೆಯನ್ನು ಮಗುಚಿ ಹಿಂಬದಿಯ ಎಳೆ ನೋಡುತ್ತದೆ. ಒಡಲೂ ಸೆರಗೂ ಕೂಡುವ ಕೊಂಡಿಯ ಸಾಲನ್ನು ಸವರುತ್ತದೆ. ಬಣ್ಣದ ಬಗ್ಗೆ ಅನುಮಾನ ಬಂದರೆ ಗಿರಾಕಿ ಎದ್ದು ಸೀರೆಯನ್ನು ಬಾಗಿಲ ಬೆಳಕಿಗೆ ಒಯ್ಯುತ್ತಾರೆ. ನಡುವೆ ಆ ಪ್ರಶ್ನೆಯೂ ಬರುತ್ತದೆ: ‘ಕೈಮಗ್ಗದ್ದೇನ್ರಿ ಇದು?’

ನಿಮ್ಮ ಡಿಸೈನ್ ಹುಟ್ಟಬೇಕಾದದ್ದು ಇಲ್ಲಿಂದ. ಫೋಟೊದಲ್ಲಿ ಬಾಗಿಲ ಬೆಳಕಿಲ್ಲ. ಟ್ಯೂಬ್‌ಲೈಟಿನಡಿ ತೆಗೆದ ದಾಳಿಂಬೆ ಕೆಂಪು ಮನೆಗೆ ಬಂದಾಗ ಬೇರೆಯೇ ಕೆಂಪಾಗಿ ಕಾಣಬಹುದು. ಮುಟ್ಟಿ ನೋಡಲಾಗುವುದಿಲ್ಲ. ಹಿಂಬದಿ ಕಾಣುವುದಿಲ್ಲ. ಹಾಗಾದರೆ ಮೊದಲ ಚಿತ್ರ ಸೆರಗಿನದಾಗಲಿ, ಎರಡನೆಯದು ದಡಿಯ ಹತ್ತಿರದ ನೋಟ, ಮೂರನೆಯದು ಕೊಂಡಿಯ ಹಿಂಬದಿ, ನಾಲ್ಕನೆಯದು ಹಗಲು ಬೆಳಕಿನಲ್ಲಿ. ಬಟ್ಟೆಯನ್ನು ಕೈಯಲ್ಲಿ ಹಿಡಿದು ಮಗುಚುವ ಹತ್ತು ಸೆಕೆಂಡಿನ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು. ಇಷ್ಟು ಫೋಟೊ ತೆಗೆಯಬೇಕಾದವರು ಯಾರು? ಗಿರಾಕಿಗಳ ನಡುವೆ ಬಿಡುವಿಲ್ಲದ ಅಂಗಡಿಯವರು. ಒಂದು ಕೈಯಲ್ಲಿ ಸೀರೆ, ಇನ್ನೊಂದರಲ್ಲಿ ಫೋನು. ಅಂದಮೇಲೆ ಒಂದಾದ ಮೇಲೊಂದು ಚೌಕಟ್ಟು ತೋರಿಸಿ ಹೆಬ್ಬೆರಳಿನಲ್ಲೇ ಮುಗಿಯುವ ಕ್ಯಾಮೆರಾ ಪರದೆ ಬೇಕು. ಕೊಳ್ಳುವವರ ಪರದೆಗಿಂತ ಮಾರುವವರ ಪರದೆಯೇ ಕಷ್ಟದ್ದು ಎಂದು ಗೊತ್ತಾಗುವುದು ಅಂಗಡಿಯಲ್ಲಿ ಕೂತಾಗ. ಸಂದರ್ಶನದಲ್ಲಿ ಈ ಒಂದು ಮಾತನ್ನು ಕಾರಣಸಮೇತ ಹೇಳಿದರೆ ಕೇಳುವವರು ಮುಂದಕ್ಕೆ ಬಾಗುತ್ತಾರೆ.

ಪರದೆಗಳನ್ನು ಕಾಗದದ ಮೇಲೆ ಬಿಡಿಸಿ, ಆಮೇಲೆ ಫಿಗ್ಮಾದಲ್ಲಿ ಒತ್ತಿದರೆ ಮುಂದಕ್ಕೆ ಹೋಗುವ ಮಾದರಿ ಮಾಡಿ, ಜನರ ಕೈಗೆ ಕೊಡಿ. ಒಂದು ಸುತ್ತಿಗೆ ಐದು ಜನ ಸಾಕು, ದೊಡ್ಡ ತೊಂದರೆಗಳಲ್ಲಿ ಬಹುಪಾಲು ಅಷ್ಟರಲ್ಲೇ ಕಾಣಿಸುತ್ತವೆ ಎಂದು ಯೂಸಬಿಲಿಟಿ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ವಾದಿಸಿದರು. ಐವರಿಗೆ ತೋರಿಸಿ ತಿದ್ದಿ, ಮತ್ತೆ ಬೇರೆ ಐವರಿಗೆ ತೋರಿಸುವುದೇ ಕ್ರಮ. ಈ ಪರೀಕ್ಷೆಯಲ್ಲಿ ಬಾಯಿ ಕಟ್ಟಿಕೊಂಡು ಕೂರುವುದೇ ಕಷ್ಟ. ಫೋನು ಕೈಗೆ ಕೊಟ್ಟು, ‘ಅಕ್ಕಾರ, ಈ ಸೀರಿ ಕೈಮಗ್ಗದ್ದು ಹೌದೋ ಅಲ್ಲೋ ಅಂತ ಇದರಾಗ ನೋಡ್ರಿ’ ಅನ್ನಿ. ಅವರು ಚಿತ್ರದ ಮೇಲೆ ಬೆರಳಿಟ್ಟು, ‘ಇದನ್ನ ಒತ್ತಬೇಕೇನಪಾ?’ ಎಂದು ನಿಮ್ಮ ಮುಖ ನೋಡಿದರೆ ಹೂಂ ಅನ್ನಬೇಡಿ. ‘ನಿಮಗ ಹೆಂಗ ಅನಸ್ತೈತಿ ಹಂಗ ಮಾಡ್ರಿ’ ಅಂದು ಸುಮ್ಮನಿರಿ. ಬೆರಳು ಎಲ್ಲಿ ತಡೆಯಿತು, ಏನನ್ನು ಓದದೆ ದಾಟಿದರು, ಎಲ್ಲಿ ಹಿಂದಕ್ಕೆ ಬಂದರು, ಎಲ್ಲವನ್ನೂ ಬರೆದುಕೊಳ್ಳಿ. ಅವರ ಮಾತನ್ನು ಅವರ ಭಾಷೆಯಲ್ಲೇ ಬರೆದಿಟ್ಟುಕೊಂಡು ಸ್ಲೈಡಿನಲ್ಲೂ ಹಾಗೆಯೇ ಹಾಕಿ, ಕೆಳಗೆ ಇಂಗ್ಲಿಷ್ ಅರ್ಥ ಕೊಡಿ.

ಬರೆದು ಒಪ್ಪಿಸುವಾಗ ಎರಡು ಕಡೆ ಎಚ್ಚರ ಬೇಕು. ಕಟ್ಟುಕಥೆಯ ವ್ಯಕ್ತಿಚಿತ್ರಗಳು ಬೇಡ. ಇಪ್ಪತ್ತೆಂಟು ವರ್ಷದ, ಕಾಫಿ ಪ್ರಿಯೆ, ಪ್ರವಾಸ ಪ್ರಿಯೆ ಎಂದು ಇಂಟರ್‌ನೆಟ್ಟಿನಿಂದ ಫೋಟೊ ಹಾಕಿ ಮಾಡುವ ಪರ್ಸೋನಾ ಯಾರನ್ನೂ ನಂಬಿಸುವುದಿಲ್ಲ. ಹಾಗೆಯೇ, ಬಿಡುಗಡೆಯೇ ಆಗದ ಆ್ಯಪಿನಿಂದ ಮಾರಾಟ ಶೇಕಡಾ ಇಷ್ಟು ಹೆಚ್ಚಿತು ಎಂಬ ಅಂಕಿಯನ್ನೂ ಹಾಕಬೇಡಿ. ಅನುಭವಿಗಳು ಅದನ್ನು ಕೂಡಲೇ ಹಿಡಿಯುತ್ತಾರೆ, ಆಮೇಲೆ ನಿಮ್ಮ ನಿಜವಾದ ಕೆಲಸವನ್ನೂ ನಂಬುವುದಿಲ್ಲ. ಐವರಲ್ಲಿ ಮೂವರಿಗೆ ಆಗಲಿಲ್ಲ, ಹೀಗೆ ತಿದ್ದಿದೆ, ಆಮೇಲೆ ನಾಲ್ವರಿಗೆ ಆಯಿತು ಎಂಬಂಥ ಸಣ್ಣ ನಿಜವೇ ತೂಕದ್ದು. ಏನನ್ನು ಕೈಬಿಟ್ಟಿರಿ, ಯಾಕೆ ಬಿಟ್ಟಿರಿ ಎಂಬ ಪ್ರಶ್ನೆ ಬಂದೇ ಬರುತ್ತದೆ; ಅದಕ್ಕೊಂದು ಸ್ಲೈಡ್ ಮೀಸಲಿಡಿ. ಗುಂಪಿನಲ್ಲಿ ಮಾಡಿದ ಕೆಲಸವಾದರೆ ನಿಮ್ಮ ಪಾಲು ಯಾವುದೆಂದು ಬಿಡಿಸಿ ಹೇಳಿ. ಇಂಟರ್ನ್‌ಶಿಪ್ಪಿನಲ್ಲಿ ಮಾಡಿದ್ದನ್ನು ಆ ಕಂಪನಿಯ ಒಪ್ಪಿಗೆ ಇಲ್ಲದೆ ತೋರಿಸಬೇಡಿ.

ಒತ್ತಕ್ಷರ, ಅಡ್ಡಹೆಸರು, ಸೆಕ್ಟರ್

ಕನ್ನಡ ಬಲ್ಲ ಡಿಸೈನರ್ ಎಂಬುದನ್ನು ಬಯೊಡೇಟಾದ ಕೊನೆಯಲ್ಲಿ ಭಾಷೆಗಳ ಪಟ್ಟಿಗೆ ಸೇರಿಸಿ ಸುಮ್ಮನಾಗುವವರೇ ಹೆಚ್ಚು. ಅದು ಕೆಲಸದ ಅರ್ಹತೆ. ಹಣ ಪಾವತಿ, ಬ್ಯಾಂಕು, ವಿಮೆ, ಸರ್ಕಾರಿ ಸೇವೆ, ಯಾವ ಆ್ಯಪೇ ಇರಲಿ ಕನ್ನಡದಲ್ಲೂ ಬರಬೇಕೆಂದರೆ ಏನೇನು ಕೆಡುತ್ತದೆ ಎಂಬುದು ನಿಮಗೆ ಗೊತ್ತಿರಬೇಕು, ಪರದೆಯ ಮೇಲೆ ತೋರಿಸಲೂ ಬರಬೇಕು.

ಇಂಗ್ಲಿಷಿಗೆಂದು ಅಳೆದ ಸಾಲಿನ ಎತ್ತರದಲ್ಲಿ ‘ಪಟ್ಟದಕಲ್ಲು’ ಎಂದು ಬರೆದು ನೋಡಿ. ಕೆಳಗಿನ ಒತ್ತಕ್ಷರ ಮುಂದಿನ ಸಾಲಿನ ತಲೆಗೆ ತಾಗುತ್ತದೆ ಅಥವಾ ಬಟನ್ನಿನ ಅಂಚಿನಲ್ಲಿ ಕತ್ತರಿಸಿಹೋಗುತ್ತದೆ. ‘ಸ್ತ್ರೀ’ ಬರೆದರೆ ಒಂದೇ ಅಕ್ಷರಕ್ಕೆ ಎರಡು ಒತ್ತು. ಎರಡೇ ಅಕ್ಷರದ ‘ಓಕೆ’ಗೆ ಅಳೆದ ಬಟನ್ನಿನಲ್ಲಿ ‘ಮುಂದುವರಿಸಿ’ ಹಿಡಿಯುವುದಿಲ್ಲ. ನಿಮ್ಮ ಪರದೆಗಳನ್ನು ಎರಡೂ ಭಾಷೆಯಲ್ಲಿ ಅಕ್ಕಪಕ್ಕ ಇಟ್ಟು, ಎಲ್ಲಿ ಕೆಟ್ಟಿತು, ಸಾಲಿನ ಅಂತರ ಎಷ್ಟು ಹೆಚ್ಚಿಸಿದಿರಿ ಎಂದು ತೋರಿಸಿ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಫಾಂಟುಗಳು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಪಠ್ಯವಿದ್ದರೆ ಯೂನಿಕೋಡಿಗೆ ಬದಲಿಸಿಕೊಳ್ಳಿ. ಇಲ್ಲವಾದರೆ ಬೇರೆ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ.

ಹೆಸರಿನ ಫಾರಂ ಇನ್ನೂ ಒಳ್ಳೆಯ ವಸ್ತು. ನಮ್ಮ ಕಡೆ ಮೊದಲು ಸ್ವಂತ ಹೆಸರು, ನಡುವೆ ತಂದೆಯದೋ ಗಂಡನದೋ ಹೆಸರು, ಕೊನೆಗೆ ಅಂಗಡಿ, ಹಿರೇಮಠ, ಪಾಟೀಲ ಎಂಬಂಥ ಅಡ್ಡಹೆಸರು. ಹಳೆ ಮೈಸೂರಿನ ಕಡೆ ಇನಿಷಿಯಲ್ ಇರುತ್ತದೆ, ಅಡ್ಡಹೆಸರೇ ಇಲ್ಲದವರು ಬಹಳ. ಫಸ್ಟ್ ನೇಮ್, ಲಾಸ್ಟ್ ನೇಮ್ ಎಂಬ ಎರಡು ಕಡ್ಡಾಯ ಖಾನೆ ಇಟ್ಟರೆ ಇಬ್ಬರೂ ಬೇರೆ ಬೇರೆ ರೀತಿಯಲ್ಲಿ ತಡವರಿಸುತ್ತಾರೆ. ಆಧಾರಿನಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಆಗಿ ಕೆಲಸ ನಿಲ್ಲುತ್ತದೆ. ಗುರುತಿನ ಚೀಟಿಯಲ್ಲಿರುವಂತೆ ಪೂರ್ತಿ ಹೆಸರು ಎಂಬ ಒಂದೇ ಖಾನೆ ಯಾಕೆ ಉತ್ತಮ ಎಂದು ವಾದಿಸಲು ನಿಮಗೆ ನಿಮ್ಮ ಮನೆಯ ಕಾಗದಪತ್ರಗಳೇ ಸಾಕು.

ವಿಳಾಸದ್ದೂ ಹೀಗೆಯೇ. ಆಲಮಟ್ಟಿಯ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಒಂದು ಭಾಗ ಮುಳುಗಿ, ಜನ ನವನಗರಕ್ಕೆ ಬಂದರು. ಅಲ್ಲಿ ಸೆಕ್ಟರ್ ಸಂಖ್ಯೆ ಇದೆ. ಆದರೂ ಮಾತಿನಲ್ಲಿ ದಾರಿ ಹೇಳುವಾಗ ಗುಡಿ, ಶಾಲೆ, ಸರ್ಕಲ್ ಬರುತ್ತವೆ. ಲ್ಯಾಂಡ್‌ಮಾರ್ಕ್ ಖಾನೆಯನ್ನು ಫಾರಂನ ಕೊನೆಗೆ ‘ಐಚ್ಛಿಕ’ ಎಂದು ತಳ್ಳುವುದು ಇಲ್ಲಿ ಸರಿಯೇ?

ಭಾಷೆಯಷ್ಟೇ ಅಲ್ಲ, ಡಿಸೈನಿನ ನಿಯಮಗಳನ್ನೂ ಊರಲ್ಲೇ ಕಲಿಯಬಹುದು. ಬಸ್ಸಿನಲ್ಲಿ ಕೂತಾಗ ಕಂಡಕ್ಟರರ ಕೈ ನೋಡಿ. ನೂಕುನುಗ್ಗಲಿನಲ್ಲಿ ಒಂದು ಕೈ ಕಂಬಿಗೆ, ಕಣ್ಣು ಬಾಗಿಲ ಕಡೆಗೆ, ಹೆಬ್ಬೆರಳು ಟಿಕೆಟ್ ಮಶಿನ್ನಿನ ಗುಂಡಿಗಳ ಮೇಲೆ. ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ಅವರ ಗುರುತಿನ ಚೀಟಿ ನೋಡಿ ಶೂನ್ಯ ಟಿಕೆಟ್ ಕೊಡುವ ಕೆಲಸವೂ ಸೇರಿದೆ. ಮುಟ್ಟಿ ಗುರುತಿಸಬಹುದಾದ ಗುಂಡಿಗೂ ನುಣುಪಾದ ಗಾಜಿನ ಪರದೆಗೂ ಏನು ವ್ಯತ್ಯಾಸವೆಂದು ಇಲ್ಲಿ ಪ್ರತ್ಯಕ್ಷ ಕಾಣುತ್ತದೆ. ಗುರಿ ದೊಡ್ಡದಾಗಿದ್ದು ಹತ್ತಿರವಿದ್ದಷ್ಟೂ ಬೇಗ ತಲುಪುತ್ತೇವೆ ಎಂಬ ಫಿಟ್ಸ್ ನಿಯಮ 1954ರದ್ದು. ಅದನ್ನು ವ್ಯಾಖ್ಯೆಯಾಗಿ ಒಪ್ಪಿಸುವ ಬದಲು ಈ ಹೆಬ್ಬೆರಳಿನ ಮೂಲಕ ಹೇಳಿ. ಪರದೆಗಳ ಡಿಸೈನಿಗೆ ನೀಲ್ಸನ್ 1994ರಲ್ಲಿ ಅಂತಿಮಗೊಳಿಸಿದ ಹತ್ತು ಸೂತ್ರಗಳನ್ನೂ ಹಾಗೆಯೇ, ಒಂದೊಂದಕ್ಕೂ ಊರಿನ ಒಂದು ಉದಾಹರಣೆ ಹಚ್ಚಿ ಕಲಿಯಿರಿ. ಕೆಲವು ಅಳತೆಗಳು ಮಾತ್ರ ಬಾಯಿಗೆ ಬರಬೇಕು: ಬೆರಳಿನ ಗುರಿ ಆಂಡ್ರಾಯ್ಡಿನಲ್ಲಿ 48 ಡಿಪಿ, ಆ್ಯಪಲ್‌ನಲ್ಲಿ 44 ಪಾಯಿಂಟ್, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್. ಪುಸ್ತಕ ಒಂದೇ ಓದುವುದಾದರೆ ಡಾನ್ ನಾರ್ಮನ್ ಬರೆದ ‘ದಿ ಡಿಸೈನ್ ಆಫ್ ಎವ್ರಿಡೇ ಥಿಂಗ್ಸ್’ ಓದಿ. ಪರಿಷ್ಕೃತ ಆವೃತ್ತಿ ಸಿಗುತ್ತದೆ.

ಬೋರ್ಡಿನ ಮುಂದೆ ನಲವತ್ತು ನಿಮಿಷ

ಬೋರ್ಡಿನ ಪರೀಕ್ಷೆಗೆ ಬಾದಾಮಿಯನ್ನೇ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಪ್ರಶ್ನೆ ಹೀಗಿರಲಿ: ಬಾದಾಮಿಗೆ ಬಂದ ಕುಟುಂಬವೊಂದು ಅದೇ ದಿನ ಪಟ್ಟದಕಲ್ಲು, ಐಹೊಳೆ ನೋಡಿಕೊಂಡು ಬರಬೇಕು; ಅವರಿಗೆ ನೆರವಾಗುವ ಏನನ್ನಾದರೂ ಡಿಸೈನ್ ಮಾಡಿ. ಹೆಚ್ಚಿನವರು ಕೂಡಲೇ ಪೆನ್ನು ಹಿಡಿದು ಮೊಬೈಲಿನ ಚೌಕ ಬಿಡಿಸುತ್ತಾರೆ. ಅವಸರ ಬೇಡ, ಮೊದಲ ಏಳೆಂಟು ನಿಮಿಷ ಪ್ರಶ್ನೆ ಕೇಳಿ. ಸ್ವಂತ ಗಾಡಿಯೋ ಬಸ್ಸೋ? ವಯಸ್ಸಾದವರಿದ್ದಾರೆಯೇ? ಬಾದಾಮಿಯ ಗುಹೆಗಳಿಗೆ ಮೆಟ್ಟಿಲು ಹತ್ತಬೇಕು. ಚಾಲುಕ್ಯರ ಮಂಗಳೇಶನ 578ರ ಶಾಸನವಿರುವ ಮೂರನೆಯ ಗುಹೆ ತಲುಪುವಷ್ಟರಲ್ಲಿ ಮೊಣಕಾಲು ನೋವಿನ ಅಜ್ಜಿ ದಣಿದಿರುತ್ತಾರೆ. ಕನ್ನಡ ಓದುತ್ತಾರೆಯೇ? ದಾರಿಯಲ್ಲಿ ನೆಟ್‌ವರ್ಕ್ ಇದೆಯೇ?

ಯಾವುದನ್ನು ಎತ್ತಿಕೊಳ್ಳುತ್ತೀರಿ ಎಂದು ಬಾಯಿಬಿಟ್ಟು ಹೇಳಿ: ‘ಬಸ್ಸಿನಲ್ಲಿ ಬರುವ, ಹಿರಿಯರಿರುವ ಕುಟುಂಬ ಎಂದುಕೊಳ್ಳುತ್ತೇನೆ.’ ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರು, ಅಲ್ಲಿಂದ ಐಹೊಳೆಗೆ ಇನ್ನೂ ಹದಿನಾಲ್ಕರಷ್ಟು. ಅಂದಮೇಲೆ ಅವರ ದೊಡ್ಡ ಭಯ ವಾಪಸಿನ ಬಸ್ಸು ತಪ್ಪೀತೆಂಬುದು. ಶಿಲ್ಪಗಳ ಮಾಹಿತಿ, ಫೋಟೊ ಗ್ಯಾಲರಿ ಎಲ್ಲ ಹಿಂದಕ್ಕೆ ಸರಿಯಲಿ. ಈಗ ಎಲ್ಲಿದ್ದೀರಿ, ಇಲ್ಲಿಂದ ಎಷ್ಟು ಹೊತ್ತಿಗೆ ಹೊರಡಬೇಕು, ಕೊನೆಯ ಬಸ್ಸು ಯಾವುದು ಎಂಬ ಮೂರು ವಿಷಯ ಮೊದಲ ಪರದೆಯಲ್ಲಿರಲಿ. ಆ್ಯಪೇ ಯಾಕೆ ಬೇಕು ಎಂದೂ ಕೇಳಿಕೊಳ್ಳಿ. ಒಂದು ದಿನಕ್ಕೆ ಬಂದವರು ಆ್ಯಪ್ ಇಳಿಸಿಕೊಳ್ಳುವುದು ಅನುಮಾನ. ಬಸ್ ನಿಲ್ದಾಣದಲ್ಲೊಂದು ಫಲಕ, ಅದರ ಮೇಲೆ ಕ್ಯೂಆರ್ ಕೋಡ್, ಸ್ಕ್ಯಾನ್ ಮಾಡಿದರೆ ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನಲ್ಲಿ ಉಳಿಯುವ ಒಂದು ಪುಟ, ಇಷ್ಟೇ ಸಾಕಾದೀತು. ಆಮೇಲೆ ಮೂರು ಪರದೆ ಬಿಡಿಸಿ. ಬಸ್ಸು ತಪ್ಪಿದರೆ ಏನು ತೋರಿಸುತ್ತೀರಿ ಎಂಬ ಪರದೆಯೂ ಅವುಗಳಲ್ಲಿ ಇರಲಿ. ಎಲ್ಲ ಸರಿಯಾಗಿ ನಡೆಯುವ ದಾರಿಯನ್ನು ಎಲ್ಲರೂ ಬಿಡಿಸುತ್ತಾರೆ. ಕೊನೆಯ ಐದು ನಿಮಿಷ ಉಳಿಸಿಕೊಂಡು, ಸಮಯವಿದ್ದಿದ್ದರೆ ಯಾರನ್ನು ಕೇಳುತ್ತಿದ್ದಿರಿ, ಏನನ್ನು ಪರೀಕ್ಷಿಸುತ್ತಿದ್ದಿರಿ ಎಂದು ಹೇಳಿ. ಸಂದರ್ಶಕರು ನಡುವೆ ಬಾಯಿ ಹಾಕಿ ಆಕ್ಷೇಪ ಎತ್ತುತ್ತಾರೆ. ಎಂಜಿನಿಯರು ಹೀಗೆ ಎದುರು ಹೇಳಿದಾಗ ನೀವು ಮುನಿಸಿಕೊಳ್ಳುತ್ತೀರೋ ಕೇಳಿಸಿಕೊಳ್ಳುತ್ತೀರೋ ಎಂದು ನೋಡುವುದೂ ಪರೀಕ್ಷೆಯ ಭಾಗ.

ಇಂಗ್ಲಿಷಿನ ಅಳುಕು ಬಹಳ ಜನರಿಗೆ. ಅಲಂಕಾರದ ಇಂಗ್ಲಿಷನ್ನು ಯಾರೂ ಬಯಸುವುದಿಲ್ಲ, ಕಾರಣ ಹೇಳಲು ಬಂದರೆ ಸಾಕು. ಉರುಹೊಡೆದ ಭಾಷಣ ಮೊದಲ ಅಡ್ಡಪ್ರಶ್ನೆಗೇ ಕುಸಿಯುತ್ತದೆ. ನಿಮ್ಮ ಕೇಸ್ ಸ್ಟಡಿಯನ್ನು ಮೊದಲು ಕನ್ನಡದಲ್ಲಿ ತಡೆಯಿಲ್ಲದೆ ಗೆಳೆಯರಿಗೆ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಫೋನಿಗೆ ರೆಕಾರ್ಡ್ ಮಾಡಿ ಕೇಳಿ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಕಂಪ್ಯೂಟರ್ ಸೈನ್ಸ್ ಓದುತ್ತಿರುವ ಇಬ್ಬರು ಮೂವರು ಸೇರಿ ವಾರಕ್ಕೊಮ್ಮೆ ಒಬ್ಬರನ್ನೊಬ್ಬರು ಸಂದರ್ಶಿಸಿದರೆ ದುಡ್ಡು ಕೊಟ್ಟು ಸೇರುವ ಕೋರ್ಸಿಗಿಂತ ಹೆಚ್ಚು ಉಪಯೋಗ ಎಂಬುದು ನನ್ನ ನಂಬಿಕೆ. ಡಿಸೈನ್ ಡಿಗ್ರಿ ಇಲ್ಲವೆಂದು ಹಿಂಜರಿಯಬೇಡಿ. ಸ್ನಾತಕೋತ್ತರ ಓದಬೇಕೆನಿಸಿದರೆ ಐಐಟಿ ಬಾಂಬೆ ನಡೆಸುವ ಸೀಡ್ ಪರೀಕ್ಷೆ ಇದೆ. ಅಲ್ಲಿನ ಐಡಿಸಿ 1969ರಲ್ಲಿ ಶುರುವಾದ ಡಿಸೈನ್ ಶಾಲೆ. ರಾಷ್ಟ್ರೀಯ ಡಿಸೈನ್ ಸಂಸ್ಥೆ ಎನ್‌ಐಡಿಯ ಬೆಂಗಳೂರು ಕ್ಯಾಂಪಸ್ಸಿಗೆ ಪ್ರವೇಶ ಪರೀಕ್ಷೆ ಬೇರೆ.

ಊರಿಂದಲೇ ಆನ್‌ಲೈನ್ ಸಂದರ್ಶನವಾದರೆ ಕರೆಂಟು, ನೆಟ್ಟು ಎರಡನ್ನೂ ನಂಬಿ ಕೂರಬೇಡಿ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ, ಎರಡು ಬೇರೆ ಕಂಪನಿಯ ಸಿಮ್ಮಿನ ಹಾಟ್‌ಸ್ಪಾಟ್ ಸಿದ್ಧವಿರಲಿ. ಫಿಗ್ಮಾ ಫೈಲು ತೆರೆಯಲು ತಡವಾಗುವುದುಂಟು, ಅದಕ್ಕೇ ಪಿಡಿಎಫ್ ಪ್ರತಿಯನ್ನು ಹಿಂದಿನ ದಿನವೇ ಅವರಿಗೆ ಮೇಲ್ ಮಾಡಿ. ಬೆಂಗಳೂರಿಗೇ ಕರೆದರೆ ರಾತ್ರಿ ಬಸ್ಸಿಳಿದು ನೇರ ಸಂದರ್ಶನಕ್ಕೆ ಹೋಗುವ ಬದಲು ಒಂದು ದಿನ ಮೊದಲೇ ತಲುಪುವುದು ಮೇಲು.

ಮನೆಗೆ ಕೊಡುವ ಅಸೈನ್‌ಮೆಂಟಿಗೆ ಎಷ್ಟು ಗಂಟೆ ನಿರೀಕ್ಷಿಸುತ್ತೀರಿ ಎಂದು ಕೇಳಿ, ಅಷ್ಟೇ ಕೊಡಿ. ಕಂಪನಿಯ ಸ್ವಂತ ಉತ್ಪನ್ನದ ಮೇಲೆ ವಾರಗಟ್ಟಲೆ ಬಿಟ್ಟಿ ಕೆಲಸ ಕೇಳಿದರೆ, ಬೇರೆ ವಿಷಯದ ಮೇಲೆ ಮಾಡಬಹುದೇ ಎಂದು ಸೌಜನ್ಯದಿಂದ ವಿಚಾರಿಸಿ. ಅದಕ್ಕೆ ಅವರು ಕೊಡುವ ಉತ್ತರದಿಂದ ಆ ಕಂಪನಿಯ ಬಗ್ಗೆ ನಿಮಗೂ ಒಂದಿಷ್ಟು ತಿಳಿಯುತ್ತದೆ. ಪರದೆಗಳನ್ನು ಎಐ ಮಾಡಿಕೊಡುವಾಗ ನೀವೇಕೆ ಬೇಕು ಎಂಬ ಪ್ರಶ್ನೆಯೂ ಈಗ ಬರುತ್ತದೆ. ಎಐ ಬಳಸಿದ್ದರೆ ಎಲ್ಲಿ ಬಳಸಿದಿರಿ ಎಂದು ಮುಚ್ಚಿಡದೆ ಹೇಳಿ, ಅದು ಕೊಟ್ಟದ್ದರಲ್ಲಿ ಯಾವುದನ್ನು ಯಾಕೆ ತಿರಸ್ಕರಿಸಿದಿರಿ ಎಂದೂ ತೋರಿಸಿ.

ಕೊನೆಗೆ ನಿಮ್ಮನ್ನೂ ಪ್ರಶ್ನೆ ಕೇಳಲು ಬಿಡುತ್ತಾರೆ. ನಿಮ್ಮ ಡಿಸೈನರುಗಳು ಬಳಕೆದಾರರನ್ನು ಎಷ್ಟು ದಿನಕ್ಕೊಮ್ಮೆ ಭೇಟಿಯಾಗುತ್ತಾರೆ, ಕನ್ನಡದ ಪರದೆಗಳನ್ನು ಯಾರು ಪರೀಕ್ಷಿಸುತ್ತಾರೆ, ಹೊಸಬರ ಕೆಲಸವನ್ನು ಯಾರು ನೋಡಿ ತಿದ್ದುತ್ತಾರೆ ಎಂದು ಕೇಳಿ. ಸಂಬಳದ ಮಾತಿಗೆ ಮುಂಚೆ ಅದೇ ದರ್ಜೆಯಲ್ಲಿ ಕೆಲಸ ಮಾಡುತ್ತಿರುವ ಇಬ್ಬರು ಮೂವರನ್ನು ವಿಚಾರಿಸಿರಿ, ಬೆಂಗಳೂರಿನ ಬಾಡಿಗೆಯ ಲೆಕ್ಕವನ್ನೂ ಹಾಕಿರಿ. ಹೊರಬಂದ ಕೂಡಲೇ ಕೇಳಿದ ಪ್ರಶ್ನೆಗಳನ್ನು ಮರೆಯುವ ಮೊದಲು ಬರೆದಿಡಿ. ವಾರ ಕಳೆದರೂ ಸುದ್ದಿ ಬರದಿದ್ದರೆ ಎರಡು ಸಾಲಿನ ಮೇಲ್ ಕಳಿಸಿ. ಆಗಲಿಲ್ಲವೆಂದು ಬಂದರೆ ಯಾವ ಸುತ್ತಿನಲ್ಲಿ, ಏನು ಸಾಲದಾಯಿತು ಎಂದು ಕೇಳಿ ತಿಳಿದುಕೊಂಡು, ಮುಂದಿನ ಅರ್ಜಿಗೆ ಮೊದಲು ಆ ಸ್ಲೈಡುಗಳನ್ನು ತಿದ್ದಿ.